ಡಾರ್ಟ್ಸ್ ಆಡುತ್ತಿದ್ದ ಅಕ್ಕಾರು

ಹೈದರಾಬಾದಿನ ಕಾಚಿಗುಡಾದ ಮನೆಯ ಪಡಸಾಲೆಯಲ್ಲಿ ಅಕ್ಕಾರನ್ನು ಕೂಡಿಸಿದ್ದರು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳ ತುಂಬ ಸೇವಂತಿಗೆ ಹಾರ. ನನಗೆ ಮುಖ ನೋಡುವ ಧೈರ್ಯ ಬರಲಿಲ್ಲ, ಬಲಗೈ ನೋಡುತ್ತ ಕೂತೆ. ಅದು ತೊಡೆಯ ಮೇಲೆ ಅಂಗಾತ ಬಿದ್ದಿತ್ತು.

ಪಕ್ಕದಲ್ಲಿದ್ದ ಹೆಂಗಸೊಬ್ಬರು, ಓಣಿಗೆ ಹೊಸದಾಗಿ ಬಂದವರಿರಬೇಕು, ಅಕ್ಕಾರ ತಮ್ಮನನ್ನು ಮೆಲ್ಲಗೆ ಕೇಳಿದರು, ಇವರು ಏನು ಮಾಡಿಕೊಂಡಿದ್ದರು ಎಂದು.

"ಇನ್ಶೂರನ್ಸ್ ಆಫೀಸಿನಾಗ ಇದ್ದಳ್ರಿ," ಎಂದರು ತಮ್ಮ. "ಮದುವಿ ಆಗಲಿಲ್ಲ."

ಎರಡೂ ನಿಜವೇ. ಆದರೆ ಅಷ್ಟೇ ಅಲ್ಲ. ಅಕ್ಕಾರು ಡಾರ್ಟ್ಸ್ ಆಟದಲ್ಲಿ ಎಷ್ಟೋ ವರ್ಷ ಇಡೀ ದೇಶಕ್ಕೆ ಮೊದಲಿನವರಾಗಿದ್ದರು. ನಮ್ಮ ದೇಶದ ಬಾವುಟ ಹೊಲಿದ ಅಂಗಿ ತೊಟ್ಟು ಪರದೇಶಕ್ಕೆ ಹೋಗಿ ಆಡಿ ಬಂದಿದ್ದರು. ಆ ಮಾತು ಆ ಪಡಸಾಲೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಹೆಣದ ಮುಂದೆ ಜಗಳ ಯಾಕೆ ಎಂದು ನಾನೂ ಹೇಳಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಮನೆಯವರಿಗೆ ಬೇಡವಾದ ಸುದ್ದಿಗೆ ಅವರ ಮನೆತನದ ಹೆಸರು ಅಂಟಿಸುವ ಹಕ್ಕು ನನಗಿಲ್ಲ. ಆಫೀಸಿನಲ್ಲಿ ಕನ್ನಡದವರೆಲ್ಲ ಅಕ್ಕಾರು ಅನ್ನುತ್ತಿದ್ದೆವು, ಅದೇ ಸಾಕು.

ನಾನು ಅಬಿಡ್ಸಿನ ಆ ಆಫೀಸು ಸೇರಿದಾಗ ನಮ್ಮ ಮನೆತನಕ್ಕೆಲ್ಲ ನಾನೊಬ್ಬಳೇ ಪದವೀಧರೆ. ಅಪ್ಪ ಅವ್ವ ಶಹಾಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಮನೆ. ಹಗಲು ಅವರಿಗೆ ಅಡಿಗೆ ಮಾಡಿಟ್ಟು, ಕಾಲೇಜಿಗೆ ಹೋಗಿ, ಬಿ.ಕಾಂ. ಪಾಸಾಗಿ, ಪರೀಕ್ಷೆ ಬರೆದು ಬಂದ ನೌಕರಿ ಅದು. ಯಾರ ಕೈಕಾಲು ಹಿಡಿದು ತಂದದ್ದಲ್ಲ. ಮೊದಲನೇ ವಾರ ಮೆಟ್ಟಿಲ ಮೇಲೆ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು: "ಯಾವೂರವ್ವಾ ನಿಂದು? ಇಷ್ಟು ದಿನ ತೆಲುಗು ಮಾತಾಡಿ ನಮಗ ಮೋಸ ಮಾಡಿದ್ಯಲ್ಲ."

ಎತ್ತರದ ಹೆಂಗಸು. ಇಳಕಲ್ ಸೀರೆ, ಬಾಬ್ ಕಟ್ ಕೂದಲು. ಆ ಸೀರೆಗೂ ಆ ಕೂದಲಿಗೂ ಹೊಂದುತ್ತಿರಲಿಲ್ಲ, ಅವರಿಗೆ ಅದರ ಚಿಂತೆಯೂ ಇರಲಿಲ್ಲ. ಅವರು ಡೆತ್ ಕ್ಲೇಮ್ ವಿಭಾಗದಲ್ಲಿದ್ದರು, ಅಂದರೆ ಸತ್ತವರ ಮನೆಯವರು ಬಂದು ನಿಲ್ಲುವ ಮೇಜು. ಅಳುವವರಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಅಳು ಮುಗಿಯುವ ತನಕ ಒಂದು ಮಾತೂ ಆಡದೆ ಕೂಡುತ್ತಿದ್ದರು. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ.

ಊಟದ ಹೊತ್ತಿಗೆ ನನ್ನನ್ನು ಮೇಲಿನ ಮಹಡಿಯ ರಿಕ್ರಿಯೇಷನ್ ರೂಮಿಗೆ ಕರೆದೊಯ್ದರು. ಕೇರಂ, ಮುರುಕು ಟೇಬಲ್ ಟೆನಿಸ್, ಗೋಡೆಗೆ ಒಂದು ದುಂಡನೆಯ ಡಾರ್ಟ್ ಬೋರ್ಡು. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲಿನ ಬಿಳಿ ಗೆರೆಗೆ ಬಲಗಾಲು ತಾಗಿಸಿ ನಿಂತರು. ಪೂಜೆಗೆ ಅಕ್ಷತೆ ಹಾಕಿದಷ್ಟೇ ಹಗುರಾಗಿ ಕೈ ಮುಂದೆ ಹೋಯಿತು. ಮೂರು ಡಾರ್ಟು ಒಂದಕ್ಕೊಂದು ಒರಗಿ ಒಂದೇ ಕಡೆ ನಿಂತವು. ನಾನು ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ನೋಡುತ್ತಿದ್ದೆ.

"ರೊಟ್ಟಿ ತಿನ್ನು, ಅದು ಎಲ್ಲೂ ಹೋಗಂಗಿಲ್ಲ," ಎಂದರು.

ಆಟ ನನಗೆ ಕಲಿಸಿದ್ದೂ ಅವರೇ. ಐನೂರಾ ಒಂದರಿಂದ ಶುರುವಾಗಿ, ಹೊಡೆದಷ್ಟು ಕಳೆಯುತ್ತ ಸೊನ್ನೆಗೆ ಬರಬೇಕು. ಸರತಿಗೆ ಮೂರು ಡಾರ್ಟು. ಕೊನೆಯ ಡಾರ್ಟು ಮಾತ್ರ ಬೋರ್ಡಿನ ಅಂಚಿನ ಸಣ್ಣ ಪಟ್ಟಿಗೇ ಬೀಳಬೇಕು, ಅಲ್ಲಿ ಅಂಕ ಎರಡು ಪಟ್ಟು, ಅದಕ್ಕೆ ಡಬಲ್ ಅನ್ನುತ್ತಾರೆ. ಉಳಿದದ್ದಕ್ಕಿಂತ ಜಾಸ್ತಿ ಹೊಡೆದರೆ ಆ ಸರತಿಯೇ ದಂಡ. ಅಕ್ಕಾರು ಆಫೀಸಿನಲ್ಲಿ ಇಂಗ್ಲಿಷು, ಕ್ಯಾಂಟೀನಿನಲ್ಲಿ ಹಿಂದಿ, ಲಿಫ್ಟಿನಲ್ಲಿ ತೆಲುಗು. ಬೋರ್ಡಿನ ಮುಂದೆ ನಿಂತಾಗ ಲೆಕ್ಕ ಮಾತ್ರ ಕನ್ನಡದಲ್ಲಿ, ತುಟಿಯೊಳಗೇ.

ಅವರ ಪರ್ಸಿನಲ್ಲಿ ಒಂದು ವಿಭೂತಿ ಗಟ್ಟಿ ಇರುತ್ತಿತ್ತು. ಹೊಡೆಯುವ ಮುಂಚೆ ಹೆಬ್ಬೆರಳು ತೋರುಬೆರಳು ಅದಕ್ಕೆ ತಿಕ್ಕುತ್ತಿದ್ದರು. ನಾನು ದೊಡ್ಡ ಭಕ್ತೆ ಅಂದುಕೊಂಡಿದ್ದೆ. ಕೇಳಿದರೆ ನಕ್ಕರು. ಬೆವರಿಗೆ ಅಂತ ಆಟಗಾರರಿಗೆ ಮಾರುವ ಪುಡಿ ಇದೆಯಂತೆ, ಇದು ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದಂತೆ. ದೇವರಿಗೆ ಇದರಲ್ಲಿ ಏನೂ ಕೆಲಸ ಇಲ್ಲ ಎಂದರು. ಯಾರಾದರೂ ಅವರ ಗೆಲುವಿಗೆ ನಸೀಬು ಅಂದರೆ ಮಾತ್ರ ಸಿಟ್ಟು ಬರುತ್ತಿತ್ತು. ನಮ್ಮ ಕ್ಯಾಷಿಯರ್ ಒಮ್ಮೆ ಹಾಗಂದದ್ದಕ್ಕೆ, "ನಸೀಬು ಭಾಳ ಇದ್ದರ ನೀವ ಬಂದು ನಿಂದ್ರರಿ ಸಾಹೇಬ್ರ," ಎಂದು ಡಾರ್ಟನ್ನು ಅವರ ಕೈಗೇ ಇಟ್ಟರು. ಆ ಮನುಷ್ಯ ಹೊಡೆದದ್ದು ಟ್ಯೂಬ್‌ಲೈಟಿಗೆ ತಾಗಿತು.

ಅಕ್ಕಾರಿಗೆ ಆಟ ತೋರಿಸಿದವರು ಸಿಕಂದರಾಬಾದಿನ ಒಬ್ಬ ಆಂಗ್ಲೋ ಇಂಡಿಯನ್ ಆಫೀಸರು. ಅವರು ರಿಟೈರಾಗುವಾಗ ತಮ್ಮ ಹಿತ್ತಾಳೆ ಡಾರ್ಟುಗಳನ್ನು ಇವರಿಗೆ ಕೊಟ್ಟು ಹೋದರು. ಆಗ ಅಕ್ಕಾರ ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಗಂಡು ಹುಡುಕುತ್ತಿದ್ದ ಕಾಲ. ಪಂದ್ಯಕ್ಕೆ ಕಪ್ಪು ಪ್ಯಾಂಟು, ಕಾಲರಿನ ಟೀ ಶರ್ಟು ಕಡ್ಡಾಯ. ಮನೆಯಿಂದ ಸೀರೆ ಉಟ್ಟು ಹೊರಟು, ಆಫೀಸಿನಲ್ಲಿ ಬಟ್ಟೆ ಬದಲಿಸಿ ಪಂದ್ಯಕ್ಕೆ ಹೋಗಿ, ಗೆದ್ದು, ಮತ್ತೆ ಸೀರೆ ಉಟ್ಟು ಮನೆಗೆ ಹೋಗುತ್ತಿದ್ದರಂತೆ. ಗೆದ್ದ ಟ್ರೋಫಿಗಳೆಲ್ಲ ಆಫೀಸಿನ ಅಲ್ಮಾರಿಯಲ್ಲೇ ಉಳಿದವು. ಒಮ್ಮೆ ಪ್ಯಾಂಟು ತೊಟ್ಟ ಫೋಟೋ ಪೇಪರಿನಲ್ಲಿ ಬಂದು, ನೋಡಲು ಬಂದಿದ್ದ ಬೀದರಿನ ಗಂಡು ವಾಪಸು ಹೋಯಿತು. ಅಲ್ಲಿಂದ ತಮ್ಮ ಇವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಗಂಡಿನ ವಿಷಯ ಹೇಳುವಾಗ ಅಕ್ಕಾರು ನಗುತ್ತಿದ್ದರು. ತಮ್ಮನ ವಿಷಯಕ್ಕೆ ನಗುತ್ತಿರಲಿಲ್ಲ.

ಅದೇ ಕಾಚಿಗುಡಾದ ಮನೆಗೆ ನನ್ನನ್ನು ಒಂದು ಭಾನುವಾರ ಕರೆದೊಯ್ದಿದ್ದರು. ತಮ್ಮನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, ನನಗೆ ಕೇಳಿಸುವ ಹಾಗೇ, ಈ ಹುಡುಗಿ ಯಾವ ಪೈಕಿ ಎಂದರು. ಇಂಥದ್ದು ನನಗೆ ಹೊಸದಲ್ಲ, ಎದ್ದು ಚಪ್ಪಲಿ ಹಾಕಿಕೊಂಡು ಹೊರಡಬೇಕು ಅಂದುಕೊಂಡೆ.

"ಆಕಿ ಬಿ.ಕಾಂ. ಪೈಕಿ," ಎಂದರು ಅಕ್ಕಾರು, ಪೇಪರಿನಿಂದ ತಲೆ ಎತ್ತದೆ. "ಚಾ ತೊಗೊಂಡು ಬಾ."

ನಾನು ಎಷ್ಟೋ ಸನ್ಮಾನ ನೋಡಿದ್ದೇನೆ. ಅಷ್ಟು ಹಿಗ್ಗು ನನಗೆ ಬೇರೆ ಯಾವುದರಿಂದಲೂ ಆಗಿಲ್ಲ.

ಪರದೇಶದ ಪಂದ್ಯದ ಕತೆ ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು, ಒಂದೇ ರೀತಿ, ಒಂದೇ ಜಾಗದಲ್ಲಿ ನಿಲ್ಲಿಸಿ. ಮೊದಲನೇ ಸುತ್ತು. ದೊಡ್ಡ ವೇದಿಕೆ, ಕಣ್ಣಿಗೆ ಹೊಡೆಯುವ ದೀಪ. ನಲವತ್ತು ಉಳಿದಿತ್ತು. ಅಂದರೆ ಬೋರ್ಡಿನ ತಲೆಯ ಮೇಲಿರುವ ಡಬಲ್ ಇಪ್ಪತ್ತು ಹೊಡೆದರೆ ಗೆಲುವು. ಮೊದಲ ಡಾರ್ಟು ಒಂದು ಕೂದಲೆಳೆ ಕೆಳಗೆ, ಬರೇ ಇಪ್ಪತ್ತಕ್ಕೆ ಬಿತ್ತು. ಈಗ ಇಪ್ಪತ್ತು ಉಳಿಯಿತು, ಬಲಗಡೆಯ ಡಬಲ್ ಹತ್ತಕ್ಕೆ ಹೊಡೆಯಬೇಕು. ಹೊಸದಾಗಿ ಆಡುವವರು ಇಲ್ಲಿ ನಿಂತು ಲೆಕ್ಕ ಹಾಕುತ್ತಾರೆ. ವರ್ಷಾನುಗಟ್ಟಲೆ ಆಡಿದವರ ಕೈ ಲೆಕ್ಕಕ್ಕೆ ಕಾಯುವುದಿಲ್ಲ. ಅವರ ಕೈ ದಿನವೂ ಹೊಡೆದ ಜಾಗಕ್ಕೇ, ತಲೆಯ ಮೇಲಿನ ಡಬಲ್ ಇಪ್ಪತ್ತಕ್ಕೇ ಹೋಯಿತು. ಆ ಪಟ್ಟಿಯ ನಡುಮಧ್ಯ ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು, ಆಮೇಲೆ ನಿಲ್ಲಿಸಿದರು. ಉಳಿದದ್ದು ಇಪ್ಪತ್ತು, ಹೊಡೆದದ್ದು ನಲವತ್ತು. ಸರತಿ ದಂಡ. ಎದುರಿನವಳು ಬಂದು ಮುಗಿಸಿದಳು.

"ಅಷ್ಟು ಚಂದ ನಾ ಯಾವತ್ತೂ ಹೊಡೆದಿರಲಿಲ್ಲ, ತಂಗಿ," ಅನ್ನುತ್ತಿದ್ದರು. ಅಲ್ಲಿಗೆ ಕತೆ ನಿಲ್ಲುತ್ತಿತ್ತು.

ಅವರಿಗೆ ಬೇಕಿದ್ದದ್ದು ಒಂದೇ. ಆ ವೇದಿಕೆಗೆ ಇನ್ನೊಮ್ಮೆ ಹೋಗಬೇಕು, ಒಂದೇ ಒಂದು ಪಂದ್ಯ ಗೆಲ್ಲಬೇಕು. ಟ್ರೋಫಿ ಬೇಡ, ಪ್ರಮೋಷನ್ ಬೇಡ. ವಯಸ್ಸು ಐವತ್ತರ ಹತ್ತಿರ ಬಂದರೂ ಡಾರ್ಟ್ಸಿನಲ್ಲಿ ಅದಕ್ಕೆ ಅಡ್ಡಿಯಿಲ್ಲ, ಕೈ ಇದ್ದರೆ ಸಾಕು. ಆದರೆ ರಾಜ್ಯ ಎರಡಾದಾಗ ಆಟದ ಸಂಘವೂ ಒಡೆಯಿತು. ಇವರು ಯಾವ ಕಡೆಯವರು ಎಂದು ತೀರ್ಮಾನವಾಗುವುದರಲ್ಲಿ ಎರಡು ಸಲ ಆಯ್ಕೆ ತಪ್ಪಿತು. ಮೂರನೆಯದಕ್ಕೆ ತಯಾರಿ ನಡೆಸಿದ್ದಾಗ ಆಫೀಸಿನವರು ರಿಕ್ರಿಯೇಷನ್ ರೂಮು ಮುಚ್ಚಿ, ಅಲ್ಲಿ ಕಂಪ್ಯೂಟರಿನ ಸರ್ವರ್ ಇಟ್ಟು ಏಸಿ ಹಾಕಿದರು. ಬೋರ್ಡು ತೆಗೆದು ಮೆಟ್ಟಿಲ ಕೆಳಗೆ, ಹಳೆ ಕುರ್ಚಿಗಳ ಜೊತೆ ಎಸೆದಿದ್ದರು.

ಅಲ್ಲಿಂದ ಕೊಂಡಾಪುರ ಶುರುವಾಯಿತು.

ಕೊಂಡಾಪುರದಲ್ಲಿ ಐಟಿ ಹುಡುಗರು ಬಿಯರು ಕುಡಿಯುತ್ತ ಆಡುವ ಒಂದು ಜಾಗ. ಆ ಬಿಲ್ಡಿಂಗಿನ ಇಟ್ಟಂಗಿಯನ್ನು ನಮ್ಮವ್ವನೇ ಹೊತ್ತಿರಬಹುದು, ಆ ಸಾಲಿನಲ್ಲಿ ಎಲ್ಲ ಕಡೆಯೂ ಹೊತ್ತಿದ್ದಾಳೆ. ಬೋರ್ಡು ಚೆನ್ನಾಗಿತ್ತು, ದೀಪ ಚೆನ್ನಾಗಿತ್ತು. ಮಾಲೀಕ ಒಂದು ಕರಾರು ಹಾಕಿದ. ವಾರವೆಲ್ಲ ಸಂಜೆ ಬೇಕಾದಷ್ಟು ಪ್ರಾಕ್ಟೀಸು ಮಾಡಿಕೊಳ್ಳಬಹುದು, ಶನಿವಾರ ಮಾತ್ರ ಗಿರಾಕಿಗಳ ಜೊತೆ ಆಡಬೇಕು. ಬಾಗಿಲ ಮೇಲೆ ಬರೆಸಿದ, ಚಾಂಪಿಯನ್ ಆಂಟಿಯನ್ನು ಸೋಲಿಸಿದರೆ ಒಂದು ಜಗ್ ಬಿಯರು ಪುಕ್ಕಟೆ ಎಂದು.

ನನಗೆ ಮೈಯೆಲ್ಲ ಉರಿಯಿತು. ಅಕ್ಕಾರು ಆ ಬರಹ ಓದಿ ಒಳಗೆ ಹೋದರು. ಬೇರೆ ಬೋರ್ಡು ಎಲ್ಲಿ ಐತಿ ಹೇಳು ಎಂದರು.

ಶನಿವಾರ ನಾನೂ ಜೊತೆಗೆ ಹೋಗುತ್ತಿದ್ದೆ. ಹುಡುಗರು ಕೆಟ್ಟವರಲ್ಲ. ನನ್ನ ವಾರಿಗೆಯವರೇ, ಕೆಲವರು ನನ್ನಂಥ ಮನೆಗಳಿಂದಲೇ ಬಂದವರು. ಆದರೆ ಅಕ್ಕಾರು ಗೆರೆಯ ಮೇಲೆ ನಿಂತಾಗ ಕೂಗುತ್ತಿದ್ದರು, ಮುಖಕ್ಕೇ ಫೋನು ಹಿಡಿಯುತ್ತಿದ್ದರು, "ಆಂಟಿ, ಥೋಡಾ ಹಾರ್ ಜಾವೋ ನಾ, ಪ್ಯಾಸ್ ಲಗೀ ಹೈ," ಅನ್ನುತ್ತಿದ್ದರು, ಬಾಯಾರಿದೆ, ಸ್ವಲ್ಪ ಸೋಲಿರಿ ಎಂದು. ಇವರು ಯಾರಿಗೂ ಸೋಲಲಿಲ್ಲ. ಹಾಗೆ ಒಂದು ಶನಿವಾರ ಅವರ ಕೈ ಮುಂದೆ ಹೋಗಿ ನಿಂತಿತು. ಡಾರ್ಟು ಬೆರಳಲ್ಲೇ ಉಳಿಯಿತು. ಹಿಂದೆ ತಂದು ಮತ್ತೆ ಮುಂದೆ ಒಯ್ದರು. ಮತ್ತೆ ನಿಂತಿತು. ಆಂಟಿ ತಮಾಷೆ ಮಾಡುತ್ತಿದ್ದಾರೆ ಎಂದು ಹುಡುಗರು ನಕ್ಕರು. ಅಕ್ಕಾರೂ ನಕ್ಕರು. ನಗುವಾಗ ನನ್ನ ಕಡೆ ನೋಡಿದರು, ಆಗ ನನಗೆ ಗೊತ್ತಾಯಿತು.

"ಕೈ ಬಿಡವಲ್ದು ತಂಗಿ," ಎಂದರು, ವಾಪಸು ಬರುವಾಗ ಆಟೋದಲ್ಲಿ.

ಡಾರ್ಟ್ಸ್ ಆಡುವವರಿಗೆ ಬರುವ ರೋಗವಂತೆ ಇದು. ಅವರೊಳಗೆ ಇದಕ್ಕೊಂದು ಹೆಸರೂ ಇದೆ. ಹಿಂದಿನವರು ಕ್ಷಯದ ಹೆಸರು ಹೇಳುತ್ತಿದ್ದ ಹಾಗೆ, ದನಿ ತಗ್ಗಿಸಿ ಹೇಳುತ್ತಾರೆ. ಎಷ್ಟೋ ದೊಡ್ಡವರು ಇದರಿಂದ ಆಟ ಬಿಟ್ಟಿದ್ದಾರಂತೆ. ನರದ ಡಾಕ್ಟರ ಹತ್ತಿರ ಹೋದೆವು. ಅವರು ಸೂಜಿ ಚುಚ್ಚಿ, ಕರೆಂಟು ಕೊಟ್ಟು ನೋಡಿ, ಕೈಯಲ್ಲಿ ಏನೂ ದೋಷವಿಲ್ಲ ಎಂದು ಖುಷಿಯಿಂದ ಹೇಳಿದರು. ಹೊರಗೆ ಬಂದ ಮೇಲೆ ಅಕ್ಕಾರು ಬೆಂಚಿನ ಮೇಲೆ ಕೂತರು.

"ಕೆಟ್ಟೈತಿ ಅಂದಿದ್ದರ ಔಷಧ ಹಾಕ್ತಿದ್ದೆ. ಚಲೋ ಐತಿ ಅಂದ್ರ ಏನು ಮಾಡಲಿ?"

ಭಾರದ ಡಾರ್ಟು ತಂದರು. ಹಗುರದ್ದು ತಂದರು. ಹಿಡಿಯುವ ಬೆರಳು ಬದಲಿಸಿದರು. ಕಣ್ಣು ಮುಚ್ಚಿ ನೋಡಿದರು. ಎಡಗೈಗೆ ಕಲಿಸಲು ಹೋದರು, ಐವತ್ತರಲ್ಲಿ ಕೈ ಕಲಿಯುತ್ತದೆಯೇ. ವಿಚಿತ್ರ ಅಂದರೆ ಬೇರೆ ಎಲ್ಲ ಬಿಡುತ್ತಿತ್ತು. ಪೆನ್ನು ಎಸೆಯುತ್ತಿದ್ದರು, ಕಿತ್ತಳೆ ಎಸೆಯುತ್ತಿದ್ದರು, ಅದೇ ಡಾರ್ಟನ್ನು ಕಸದ ಬುಟ್ಟಿಗೂ ಎಸೆಯುತ್ತಿದ್ದರು. ಎದುರಿಗೆ ಬೋರ್ಡು ಬಂದರೆ ಮಾತ್ರ ಬೆರಳು ಕಲ್ಲು. ಆದರೆ ದಿನವೂ ಅಲ್ಲ. ಕೆಲವು ಸಂಜೆ ಏನೂ ಆಗಿಲ್ಲದ ಹಾಗೆ ಆಡುತ್ತಿದ್ದರು, ಮೊದಲಿನ ಹಾಗೇ ಅಕ್ಷತೆ ಹಾಕಿದಂತೆ. ಅದು ಇನ್ನೂ ಕೆಟ್ಟದ್ದು. ಪೂರ್ತಿ ಹೋಗಿದ್ದರೆ ಅವರು ಆಸೆ ಬಿಡುತ್ತಿದ್ದರು.

ಆಯ್ಕೆಯ ಪಂದ್ಯ ಆ ವರ್ಷ ಹೈದರಾಬಾದಿನಲ್ಲೇ ನಡೆಯಿತು. ಒಂದು ಫಂಕ್ಷನ್ ಹಾಲು, ಹಿಂದಿನ ದಿನದ ಮದುವೆಯ ಚೆಂಡು ಹೂವು ಇನ್ನೂ ಕಂಬಕ್ಕೆ ತೂಗುತ್ತಿದ್ದವು. ಹೆಂಗಸರಲ್ಲಿ ಒಬ್ಬರಿಗೆ ಮಾತ್ರ ಅವಕಾಶ, ಗೆದ್ದವರು ಪರದೇಶಕ್ಕೆ. ಅಕ್ಕಾರಿಗೆ ಇದೇ ಕೊನೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಬೆಳಗ್ಗೆ ಕೈ ಚೆನ್ನಾಗಿತ್ತು. ಒಂದಾದ ಮೇಲೊಂದು ಗೆಲ್ಲುತ್ತ ಸೆಮಿಫೈನಲ್ಲಿಗೆ ಬಂದರು. ಎದುರಿಗೆ ಬಂಗಾಳದ ಕಡೆಯ ಒಂದು ಹುಡುಗಿ, ಇಪ್ಪತ್ತು ದಾಟಿರಲಿಲ್ಲ. ಅವಳು ಅಕ್ಕಾರ ಕಾಲು ಮುಟ್ಟಿ ನಮಸ್ಕಾರ ಮಾಡಿ ಆಟ ಶುರು ಮಾಡಿದಳು.

ಆ ಪಂದ್ಯದ ಕೊನೆಯ ಆಟದಲ್ಲಿ ಅಕ್ಕಾರಿಗೆ ಮೂವತ್ತೆರಡು ಉಳಿಯಿತು. ಡಬಲ್ ಹದಿನಾರು, ಅವರು ನಿದ್ದೆಯಲ್ಲೂ ಹೊಡೆಯುವ ಜಾಗ. ಹುಡುಗಿ ಇನ್ನೂ ಬಹಳ ಹಿಂದೆ ಇದ್ದಳು. ಅಕ್ಕಾರು ವಿಭೂತಿ ತಿಕ್ಕಿ ಗೆರೆಗೆ ನಿಂತರು. ಕೈ ಮುಂದೆ ಹೋಯಿತು. ನಿಂತಿತು.

ಹಾಲಿನಲ್ಲಿ ಯಾರೂ ಕೂಗಲಿಲ್ಲ. ಎಲ್ಲರೂ ಆಟಗಾರರೇ, ಎಲ್ಲರಿಗೂ ಅರ್ಥವಾಯಿತು. ಕೆಲವರು ಮುಖ ತಿರುಗಿಸಿದರು, ಅಂಟಬಹುದು ಎಂಬ ಹಾಗೆ. ಮೊದಲನೆಯದು ಕಡೆಗೆ ಹೇಗೋ ಬಿಟ್ಟು ಬೋರ್ಡಿನ ಕೆಳಗೆ ಗೋಡೆಗೆ ತಾಗಿತು. ಎರಡನೆಯದು ತಂತಿಗೆ ಬಡಿದು ಬಿತ್ತು. ಮೂರನೆಯದು ಬಿಡಲೇ ಇಲ್ಲ. ಕೈ ಹೋಗುವುದು, ಬರುವುದು, ಹೋಗುವುದು. ಆಮೇಲೆ ಅವರೇ ಕೈ ಕೆಳಗಿಳಿಸಿ ಗೆರೆಯಿಂದ ಹಿಂದೆ ಸರಿದರು. ಮುಂದಿನ ಸರತಿಯೂ ಹಾಗೇ ಆಯಿತು, ಅದರ ಮುಂದಿನದೂ. ಹುಡುಗಿ ಅಳುತ್ತಲೇ ಹಿಂದಿನಿಂದ ಬಂದು ಆಟ ಮುಗಿಸಿದಳು.

ಆ ಆಟದಲ್ಲಿ ಒಂದು ಪದ್ಧತಿ ಇದೆ. ಸೋತವರು ಮನೆಗೆ ಹೋಗುವಂತಿಲ್ಲ, ಆ ಬೋರ್ಡಿನ ಮುಂದಿನ ಪಂದ್ಯಕ್ಕೆ ಅಂಕ ಬರೆಯಬೇಕು. ಬೋರ್ಡಿನ ಮಗ್ಗುಲಲ್ಲೇ, ಜನರಿಗೆ ಬೆನ್ನು ಮಾಡಿ, ಅಲುಗಾಡದೆ ನಿಲ್ಲಬೇಕು. ತಲೆ ಆಡಿಸಿದರೂ ಹೊಡೆಯುವವರಿಗೆ ತೊಂದರೆ. ಮುಂದಿನ ಪಂದ್ಯ ಅಂದರೆ ಫೈನಲ್ಲು, ಅದೇ ಹುಡುಗಿಯದು. ಸಂಘದ ಸೆಕ್ರೆಟರಿ ಓಡಿ ಬಂದು, "ಮೇಡಂ, ನೀವು ಕೂಡ್ರಿ, ಬೇರೆಯವರಿಗೆ ಹೇಳ್ತೀನಿ," ಎಂದರು.

"ಯಾಕ, ನಾ ಸೋತಿಲ್ಲೇನು?" ಎಂದು ಅಕ್ಕಾರು ಪೆನ್ನು ತೊಗೊಂಡರು.

ಫೈನಲ್ಲು ಮುಗಿಯುವ ತನಕ ನಾನು ಅವರ ಬೆನ್ನು ನೋಡಿದೆ. ಡಾರ್ಟುಗಳು ಅವರ ಕಿವಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವು. ಒಂದು ಸಲವೂ ಕಳೆಯುವ ಲೆಕ್ಕ ತಪ್ಪಲಿಲ್ಲ. ಕೊನೆಗೆ ಹುಡುಗಿ ಎಷ್ಟು ಉಳಿದಿದೆ ಎಂಬುದೇ ಮರೆತು, ಗೆರೆಯಿಂದ ಕೇಳಿದಳು. ಅಂಕ ಬರೆಯುವವರು ಉಳಿದ ಸಂಖ್ಯೆ ಹೇಳಬಹುದು, ಎಲ್ಲಿ ಹೊಡೆಯಬೇಕೆಂದು ಹೇಳಬಾರದು. ಅಕ್ಕಾರು ತಿರುಗದೆ ಹೇಳಿದರು, "ಥರ್ಟಿ ಟೂ." ಹುಡುಗಿ ಉಸಿರು ಬಿಟ್ಟು ಹೊಡೆದಳು. ಡಬಲ್ ಹದಿನಾರು. ಅಕ್ಕಾರು ಸೊನ್ನೆ ಬರೆದು, ಪೆನ್ನಿನ ಮುಚ್ಚಳ ಹಾಕಿ, ಆ ಹುಡುಗಿಯನ್ನು ಅಪ್ಪಿಕೊಂಡರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಹುಡುಗಿಗಿಂತ ಇವರಿಗೇ ಹೆಚ್ಚು. ಎಂಥ ದೊಡ್ಡ ಮನಸ್ಸು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನನಗೂ ಹಾಗೇ ಅನಿಸಿತ್ತು.

ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಆಟೋಕ್ಕೆ ಕಾಯುತ್ತ ನಿಂತಿದ್ದಾಗ ಅಕ್ಕಾರು ಅಳಲು ಶುರು ಮಾಡಿದರು. ನಾನು ಅವರನ್ನು ಅಳುತ್ತ ನೋಡಿದ್ದು ಅದೊಂದೇ ಸಲ. ಸಮಾಧಾನ ಹೇಳಲು ಹೋದೆ, ಕೈ ಹೋದರೆ ಅದು ನಿಮ್ಮ ತಪ್ಪೇನ್ರಿ ಅಕ್ಕಾರ, ಎಂದೆ.

"ಕೈಗಲ್ಲ," ಎಂದರು. ಮೂಗು ಒರೆಸಿಕೊಂಡರು. "ಅಲ್ಲಿ ನಿಂತು ಆ ಹುಡುಗಿ ತಪ್ಪಲಿ ಅಂತ ಬೇಡ್ಕೊಂಡೆ, ತಂಗಿ. ಒಂದ ಸಲ ಅಲ್ಲ, ಪ್ರತಿಯೊಂದು ಡಾರ್ಟಿಗೂ. ಕಡೀದಕ್ಕ ಆಕಿ ಕೈನೂ ನನ್ನಂಗ ನಿಲ್ಲಲಿ ಅಂದೆ. ಕಾಲು ಮುಟ್ಟಿದ ಕೂಸು ಅದು."

ಅವರು ತಮ್ಮ ಮೇಜಿನ ಮುಂದೆ ಕೂತವರಿಗೆ ಮಾಡುತ್ತಿದ್ದ ಹಾಗೆ ಸುಮ್ಮನೆ ಪಕ್ಕದಲ್ಲಿ ನಿಂತೆ.

ಸೋಮವಾರ ಸಂಘಕ್ಕೆ ಹೋಗಿ ಇನ್ನು ಆಡುವುದಿಲ್ಲ ಎಂದು ಹೇಳಿ ಬಂದರು. ಅದಾದ ಮೇಲೆ ತಿಂಗಳೊಳಗೆ ಕೈ ತಾನಾಗಿ ಸರಿಹೋಯಿತು. ಆಫೀಸಿನ ಮೆಟ್ಟಿಲ ಕೆಳಗೆ ಬಿದ್ದಿದ್ದ ಹಳೆ ಬೋರ್ಡನ್ನು ಮನೆಯ ಮಾಳಿಗೆಗೆ ತಂದು ತೂಗುಹಾಕಿ, ಒಂದು ದಿನ ನನ್ನೆದುರೇ ಮೂರೂ ಡಾರ್ಟು ಡಬಲ್ ಹದಿನಾರಕ್ಕೆ ನಿಲ್ಲಿಸಿ, ಬೋರ್ಡು ಇಳಿಸಿ ಗುಜರಿಯವನಿಗೆ ಕೊಟ್ಟರು. ನಾನು ಬೇಡಿಕೊಂಡೆ, ಜಗಳವಾಡಿದೆ, ಇನ್ನೊಂದು ವರ್ಷ ಆಡಿರಿ ಎಂದೆ. ಕೇಳಲಿಲ್ಲ. ರಿಟೈರಾಗುವ ದಿನ ಸಭೆಯಲ್ಲಿ ಮಾತಾಡಿದ ಮ್ಯಾನೇಜರು, ಪಾಪ ಕೈ ಕೊಟ್ಟಿತು, ಇಲ್ಲದಿದ್ದರೆ ಮೇಡಂ ಇನ್ನೂ ಆಡುತ್ತಿದ್ದರು ಎಂದರು. ಅಕ್ಕಾರು ಹೂವಿನ ಹಾರ ಹಾಕಿಕೊಂಡು ಕೂತಿದ್ದರು. ಹೌದು ಎಂದು ತಲೆ ಆಡಿಸಿದರು.